ಮುಗಿಸದೆ ಬಿಟ್ಟ ನೀರಿನ ಆಟ

ಗಾಂಧಿನಗರ, ಬಳ್ಳಾರಿ
೧೯ ಆಗಸ್ಟ್ ೧೯೮೫

ಶ್ರೀಮತಿ ಕೊಟ್ರಮ್ಮನವರಿಗೆ ಪದ್ಮಾಬಾಯಿ ಮಾಡುವ ನಮಸ್ಕಾರ.

ಹಚ್ಚೊಳ್ಳಿಯ ಕರಿಮಣ್ಣು ನನ್ನ ಸೀರೆಯ ಅಂಚನ್ನು ಇನ್ನೂ ಬಿಟ್ಟಿಲ್ಲ. ನಿನ್ನೆ ಪಾರ್ವತಿನಗರದ ಮನೆಯಲ್ಲಿ ನಮ್ಮಮ್ಮ ಅದನ್ನು ನೆನೆಹಾಕುತ್ತ, “ನೀ ಸಂಶೋಧನೆ ಮಾಡ್ಲಿಕ್ಕೆ ಹೋಗಿದ್ಯೋ, ನಾಟಿ ಹಚ್ಚಲಿಕ್ಕೆ ಹೋಗಿದ್ಯೋ?” ಎಂದು ಕೇಳಿದರು. ಎರಡಕ್ಕೂ ಎಂದೆ.

ಆಟ ಕಟ್ಟುವುದೇ ನಮ್ಮ ಕೇಂದ್ರದ ಕೆಲಸ ಎಂದಾಗ ನಿಮ್ಮ ಊರವರು ನಕ್ಕರಲ್ಲ, ಇಲ್ಲಿಯೂ ಎಲ್ಲರೂ ಹಾಗೆಯೇ ನಗುತ್ತಾರೆ. ನಮ್ಮ ಕೆಳಗಿನ ಕೋಣೆಯಲ್ಲಿ ಹಲಗೆಯಿಂದ ಬಸ್ಸಿನ ಮುಂಭಾಗ ಮಾಡಿಟ್ಟಿದ್ದಾರೆ. ಡ್ರೈವರು ಕುಳಿತರೆ ಎದುರಿನ ಪರದೆಯ ಮೇಲೆ ರಸ್ತೆ ಓಡುತ್ತದೆ, ಎತ್ತು ಅಡ್ಡ ಬರುತ್ತದೆ, ಅವನು ಬೆವರುತ್ತಾನೆ. ಪಕ್ಕದ ಕೋಣೆಯಲ್ಲಿ ನರ್ಸುಗಳು ಬಟ್ಟೆಯ ಬಾಣಂತಿಗೆ ಹೆರಿಗೆ ಮಾಡಿಸುತ್ತಾರೆ. ಇಲ್ಲಿ ತಪ್ಪಿದರೆ ಯಾರಿಗೂ ಪೆಟ್ಟಾಗುವುದಿಲ್ಲ, ಕಲಿಯುವುದು ಮಾತ್ರ ಉಳಿಯುತ್ತದೆ. ಕಾಲುವೆಯ ನೀರಿಗೂ ಅಂಥದೇ ಒಂದು ಆಟ ಕಟ್ಟಬೇಕು ಎಂದು ನಾನು ಎರಡು ವರ್ಷ ಹಟ ಹಿಡಿದಿದ್ದೆ.

ವರದಿಗಾಗಿ ಆ ದಿನ ನಡೆದದ್ದನ್ನು ಬರೆದುಕೊಂಡಿದ್ದೇನೆ. ತಪ್ಪಿದ್ದರೆ ತಿದ್ದಿರಿ. ಸಾಲಿಯ ಬಯಲಿನಲ್ಲಿ ಮೊಳಕಾಲಾಳದ ಕಾಲುವೆ ತೋಡಿ, ತಗಡಿನ ತೂಬು ಇಟ್ಟು, ನಿಜವಾದ ನೀರು ಬಿಟ್ಟು, ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಮಡಿ ಕೊಟ್ಟೆವು. ಮೊದಲ ಸುತ್ತಿಗೆ ಜಾಗ ಅದಲುಬದಲು. ಕಾಲುವೆಯ ತಲೆಯಲ್ಲಿ ಹೊಲವಿರುವ ನೀವು ಕೊನೆಯ ಮಡಿಯಲ್ಲಿ ಕುಳಿತಿರಿ. ಹನಿ ನೀರು ಬರಲಿಲ್ಲ, ನಿಮ್ಮ ಸಸಿ ಬಾಡಿತು, ಎಲ್ಲರ ಮುಂದೆ ನೀವು ಅತ್ತುಬಿಟ್ಟಿರಿ. ಎರಡನೆಯ ಸುತ್ತಿಗೆ ಅವರವರ ಜಾಗಕ್ಕೆ ಮರಳಿದಾಗ, ನಿಜವಾಗಿಯೂ ಕೊನೆಯ ಹೊಲದವರಾದ ಗಾದಿಲಿಂಗಪ್ಪನವರಿಗೆ ನಿಮ್ಮ ಸರದಿಯ ಎರಡು ದಿನದಲ್ಲಿ ಒಂದು ದಿನ ಬಿಡುತ್ತೇನೆ ಎಂದಿರಿ. “ನಿಮ್ಮೂರಲ್ಲಿ ಮಾತು ಹೇಗೆ ಕೊಡುತ್ತೀರೋ ಹಾಗೆಯೇ ಕೊಡಿ” ಎಂದು ನಾನು ಹೇಳಿದೆ. ಊರವರು ತಾವು ನಡೆದುಕೊಳ್ಳುವ ಮಠದ ತಾತನ ಗದ್ದುಗೆಯಿಂದ ವಿಭೂತಿ ತಂದರು. ಅದನ್ನು ಮುಟ್ಟಿ “ಆಟ ಮುಗಿಯೋ ತನಕ ಈ ಮಾತು” ಎಂದಿರಿ.

ಅಷ್ಟರಲ್ಲಿ ಮಳೆ ಬಂತು. ಹಳ್ಳ ಬಂದರೆ ಜೀಪು ದಾಟುವುದಿಲ್ಲ ಎಂದು ಡ್ರೈವರು ಅವಸರ ಮಾಡಿದ. ಕೊನೆಯ ಸುತ್ತು ಹಾಗೆಯೇ ಉಳಿಯಿತು. ಬೇಗ ಬಂದು ಆಡಿಸುತ್ತೇನೆ. ಅಲ್ಲಿಯವರೆಗೆ ನೀರಿನ ಸಮಾಚಾರ ಬರೆಯುತ್ತಿರಿ.

ಇಂತಿ ನಿಮ್ಮ
ಪದ್ಮಾಬಾಯಿ


ಹಚ್ಚೊಳ್ಳಿ
೪ ಸೆಪ್ಟೆಂಬರ್ ೧೯೮೫

ದೊಡ್ಡ ಬಸವೇಶ್ವರನ ನೆನೆದು, ಪದ್ಮಾಬಾಯಿ ಅಕ್ಕಾರಿಗೆ ಕೊಟ್ರಮ್ಮನ ಶರಣು.

ನಾನು ಕುರುಗೋಡಿನ ಸಾಲಿಯಲ್ಲಿ ಏಳನೆಯ ಇಯತ್ತೆ ಪಾಸಾದವಳು. ಆಮೇಲೆ ಕಾಗದ ಬರೆದದ್ದು ತವರಿಗೆ ಮಾತ್ರ, ಅದೂ ಯಾರಾದರೂ ಸತ್ತಾಗ ಇಲ್ಲವೇ ಹೆತ್ತಾಗ. ತಪ್ಪಿದ್ದರೆ ನಗಬೇಡಿರಿ. ನಕ್ಕರೂ ನನಗೆ ಕೇಳಿಸುವುದಿಲ್ಲ ಬಿಡಿ.

ನಿಮ್ಮ ಬಸ್ಸಿನ ಕಥೆಯನ್ನು ಅತ್ತೆ ಜಂಬಮ್ಮನಿಗೆ ಓದಿ ಹೇಳಿದೆ. “ಎಲ್ಲಿಗೂ ಹೋಗದ ಬಸ್ಸಿನ್ಯಾಗ ಕುಂತು ಬೆವರ್ತಾನಾ? ಅಂವಗ ಜ್ವರ ಬಂದಿರಬೇಕು ನೋಡು” ಎಂದಳು. ಬಟ್ಟೆಯ ಬಾಣಂತಿಯ ಮಾತು ಬಂದಾಗ ಮಾತ್ರ ಎದ್ದು ಒಲೆಯ ಮುಂದೆ ಹೋಗಿ ಕೂತಳು. ಅವಳು ಹೆತ್ತವರಲ್ಲಿ ಉಳಿದವನು ಮೈದುನ ವಿರೂಪಾಕ್ಷಪ್ಪ ಒಬ್ಬನೇ.

ನೀವು ನನ್ನ ಹೊಲದ ವಿಷಯ ಕೇಳಲಿಲ್ಲ. ನಾನೇ ಹೇಳುತ್ತೇನೆ. ಗಂಡ ತೀರಿದ ಮೇಲೆ ಎರಡು ವರ್ಷ ನನ್ನ ಭಾಗವನ್ನೂ ಮೈದುನನೇ ಮಾಡಿದ. ವರ್ಷಕ್ಕೆ ನಾಲ್ಕು ಚೀಲ ಅಳೆದು ಹಾಕಿ, ಭಿಕ್ಷೆ ಕೊಟ್ಟ ಮುಖ ಮಾಡುತ್ತಿದ್ದ. ಈ ಸಲ ನಾನು ಪಂಚರ ಮುಂದೆ ನಿಂತು, ನನ್ನ ಹೊಲ ನಾನೇ ಮಾಡುತ್ತೇನೆ ಎಂದೆ. ಅವರು ಒಂದು ಮಾತಿಗೆ ಬಂದರು. “ಈ ಒಂದು ಬೆಳಿ ತಗದು ತೋರ್ಸವ್ವ. ತಗದ್ರ ಹೊಲ ನಿನ್ನ ಕೈಯಾಗ. ಇಲ್ಲಾಂದ್ರ ವಿರೂಪಾಕ್ಷನ ಮಾಡ್ತಾನ, ಮತ್ತ ನೀ ಬಾಯಿ ತಗೀಬಾರ್ದು.” ಹೂಂ ಎಂದು ಬಂದಿದ್ದೇನೆ. ಮಕ್ಕಳಿಲ್ಲ ನನಗೆ. ಆ ಹೊಲ ಹೋದರೆ ಈ ಊರಲ್ಲಿ ನಾನು ಯಾರು ಎಂದು ಕೇಳಿದರೆ ಹೇಳಲು ಏನೂ ಇಲ್ಲ.

ನಾಟಿ ಮುಗಿಯಿತು. ನೆಲ್ಲು ಚೆನ್ನಾಗಿ ಬೇರು ಹಿಡಿದಿದೆ. ಕಾಲುವೆಯ ಮೊದಲ ಸರದಿ ಬಂದಾಗ, ಕೊಟ್ಟ ಮಾತಿನಂತೆ ಒಂದು ದಿನ ಗಾದಿಲಿಂಗಪ್ಪನ ಹೆಸರಿಗೆ ಬಿಟ್ಟೆ. ಅವನು ಈ ಸಲ ಜೋಳ ಬಿತ್ತಬೇಕೆಂದಿದ್ದವನು, ನನ್ನ ಮಾತು ನಂಬಿ ನೆಲ್ಲಿಗೆ ಸಸಿ ಹಾಕಿದ್ದಾನೆ. ನೀರು ಬಂದದ್ದು ನೋಡಿ ಬದುವಿನ ಮೇಲೆಯೇ ಕೈಮುಗಿದ. ನನಗೆ ನಾಚಿಕೆಯಾಯಿತು.

ಕೊನೆಯ ಸುತ್ತಿಗೆ ಯಾವಾಗ ಬರುತ್ತೀರಿ? ಬರುವ ಮುಂಚೆ ತಿಳಿಸಿ. ಶೇಂಗಾ ಹೋಳಿಗೆ ಮಾಡಿಟ್ಟಿರುತ್ತೇನೆ.

ಕೊಟ್ರಮ್ಮ


ಗಾಂಧಿನಗರ, ಬಳ್ಳಾರಿ
೧೩ ಸೆಪ್ಟೆಂಬರ್ ೧೯೮೫

ಪ್ರೀತಿಯ ಕೊಟ್ರಮ್ಮನವರೇ,

ನಿಮ್ಮ ಕಾಗದ ಹಿಡಿದುಕೊಂಡು ನಾನು ಮೆಟ್ಟಿಲು ಹತ್ತಲಿಲ್ಲ, ಓಡಿದೆ. ನೀವು ನಿಜವಾಗಿ ನೀರು ಬಿಟ್ಟಿರಿ! ನಮ್ಮ ಸಾಹೇಬರು ಎರಡು ಸಲ ಓದಿಸಿಕೊಂಡರು. “ಆಟದಲ್ಲಿ ಕಲಿತದ್ದು ಹೊಲಕ್ಕೆ ಇಳಿದಿದೆ, ಇದಕ್ಕೇ ಅಲ್ಲವೇ ನಾವು ಕಾದಿದ್ದು” ಎಂದು ಮೇಜು ಗುದ್ದಿದರು. ಆ ದಿನ ಕೊನೆಯ ಮಡಿಯಲ್ಲಿ ಕುಳಿತು ಸುರಿಸಿದಿರಲ್ಲ, ಆ ಕಣ್ಣೀರೇ ಇಂದು ನೀರಾಗಿ ಗಾದಿಲಿಂಗಪ್ಪನವರ ಹೊಲಕ್ಕೆ ಹರಿದಿದೆ ಎಂದು ವರದಿಯಲ್ಲಿ ಬರೆದಿದ್ದೇನೆ. ಬರೆಯುವಾಗ ನನ್ನ ಕಣ್ಣೂ ಒದ್ದೆಯಾಯಿತು.

ದಯವಿಟ್ಟು ಏನನ್ನೂ ಬದಲಿಸಬೇಡಿ. ಈಗ ನಡೆಯುತ್ತಿರುವಂತೆಯೇ ನಡೆಯಲಿ. ಪ್ರತಿ ಸರದಿಯಲ್ಲಿ ನೀರು ಬಿಟ್ಟಿರೋ ಇಲ್ಲವೋ ಎಂದು ಒಂದು ಸಾಲು ಬರೆದರೆ ಸಾಕು. ಹೈದರಾಬಾದಿನಲ್ಲಿ ಒಂದು ದೊಡ್ಡ ಸಭೆಯಿದೆ. ಸಾಹೇಬರು ನನ್ನನ್ನೇ ಮಾತಾಡು ಎಂದಿದ್ದಾರೆ. ಆರು ವರ್ಷದಿಂದ ತಾತ್ಕಾಲಿಕ ಕೆಲಸದಲ್ಲಿರುವ ನನಗೆ ಇದು ಸಣ್ಣ ಮಾತಲ್ಲ.

ಕೊನೆಯ ಸುತ್ತಿಗೆ ಅವಸರವೇನಿಲ್ಲ. ಜೀಪು ರಿಪೇರಿಗೆ ಹೋಗಿದೆ. ಹೋಳಿಗೆ ಮಾತ್ರ ಮರೆಯಬೇಡಿ.

ನಿಮ್ಮ
ಪದ್ಮಾಬಾಯಿ


ಹಚ್ಚೊಳ್ಳಿ
೩೦ ಸೆಪ್ಟೆಂಬರ್ ೧೯೮೫

ಅಕ್ಕಾರಿಗೆ ಕೊಟ್ರಮ್ಮನ ಶರಣು.

ಕಣ್ಣೀರು ನೀರಾಗಿ ಹರಿಯಿತು ಎಂದು ಬರೆದಿದ್ದೀರಿ. ಕಣ್ಣೀರಿನಿಂದ ನೆಲ್ಲು ಬೆಳೆಯುವುದಾದರೆ ನಮ್ಮೂರಿಗೆ ಕಾಲುವೆಯೇ ಬೇಕಿರಲಿಲ್ಲ, ಅಕ್ಕಾರೆ. ನೀವು ಒಂದು ಮಾತು ತಪ್ಪು ತಿಳಿದಿದ್ದೀರಿ. ಅದನ್ನು ತಿದ್ದಲು ಈ ಕಾಗದ.

ನನಗೆ ಅವನ ಮೇಲೆ ಕನಿಕರ ಇಲ್ಲವೆಂದಲ್ಲ. ಆದರೆ ನಾನು ನೀರು ಬಿಡುವುದು ಕನಿಕರಕ್ಕಲ್ಲ, ನಿಮ್ಮ ಆಟದಲ್ಲಿ ಏನೋ ಕಲಿತೆ ಎಂದೂ ಅಲ್ಲ. ವಿಭೂತಿ ಮುಟ್ಟಿ ಆಡಿದ ಮಾತು, ಅದಕ್ಕೆ. ಆಟ ಮುಗಿಯುವ ತನಕ ಎಂದು ನನ್ನ ಬಾಯಿಂದಲೇ ಹೇಳಿದ್ದೇನೆ, ಆಟ ಮುಗಿದಿಲ್ಲ. ಮಾತು ಇಡಿಸಿದವರೇ ಬಂದು ಬಿಡಿಸಬೇಕು, ಇಲ್ಲಿ ಹಾಗೆ. ಇಡಿಸಿದವರು ನೀವು. ನಾನು ಬಿಟ್ಟೆ ಎಂದರೆ ಬಿಟ್ಟಂತಲ್ಲ, ಗಾದಿಲಿಂಗಪ್ಪ ಬೇಡವೆಂದರೂ ಬಿಟ್ಟಂತಲ್ಲ. ಅವನು ಬೇಡವೆನ್ನುವುದೂ ಇಲ್ಲ, ತಡವಾಗಿ ನಾಟಿ ಮಾಡಿ ನನ್ನ ತೂಬನ್ನೇ ನೋಡುತ್ತ ಕೂತಿದ್ದಾನೆ.

ಈ ತಿಂಗಳು ಕಾಲುವೆಯಲ್ಲಿ ನೀರು ಇಳಿದಿದೆ. ಮೇಲೆ ಎಲ್ಲೋ ಒಡೆದಿದೆ ಎನ್ನುತ್ತಾರೆ. ಎರಡು ದಿನದ ಸರದಿಯೇ ಸಾಲದು, ಅದರಲ್ಲಿ ಒಂದು ದಿನ ಹೋಗುತ್ತದೆ. ನನ್ನ ಮಾತು ಮುರಿಯಲಿ ಎಂದು ಮೈದುನ ಕಾದಿದ್ದಾನೆ. ಮೊನ್ನೆ ನಾನು ತೂಬಿನ ಹತ್ತಿರ ನಿಂತಿದ್ದಾಗ ಬಂದು, “ಏನತ್ತಿಗಿ, ನಿಮ್ಮ ಆಟ ಇನ್ನಾ ನಡದೈತಿ? ಮಾತು ತಪ್ಪಬ್ಯಾಡ ಮತ್ತ, ಪಂಚರು ನೋಡಾಕತ್ಯಾರ” ಎಂದು ಹಲ್ಲು ಬಿಟ್ಟ. ಮಾತು ಮುರಿದರೆ ಮಾತಿಲ್ಲದವಳಿಗೆ ಹೊಲ ಯಾಕೆ ಎನ್ನುತ್ತಾನೆ. ಉಳಿಸಿದರೆ ಬೆಳೆ ಇಲ್ಲದವಳಿಗೆ ಹೊಲ ಯಾಕೆ ಎನ್ನುತ್ತಾನೆ. ಅವನಿಗೆ ಎರಡೂ ಕಡೆ ಹಬ್ಬ.

ನನ್ನ ಪೈರು ಅಲ್ಲಲ್ಲಿ ಸ್ವಲ್ಪ ಕೆಂಪಾಗಿದೆ. ಅಂಥದ್ದೇನಿಲ್ಲ, ಗಾಬರಿಯಾಗಬೇಡಿ. ಆದರೆ ಬಂದು ಮುಗಿಸಿಬಿಡಿ ಅಕ್ಕಾರೆ. ಬರಲು ಆಗದಿದ್ದರೆ ಒಂದು ಕಾಗದದ ಮೇಲೆ ‘ಹಚ್ಚೊಳ್ಳಿಯ ಆಟ ಮುಗಿಯಿತು’ ಎಂದು ಬರೆದು ನಿಮ್ಮ ಸಹಿ ಹಾಕಿ ಕಳಿಸಿದರೂ ಆಯಿತು, ಪಂಚರು ಒಪ್ಪುತ್ತಾರೆ, ಕೇಳಿದ್ದೇನೆ. ಒಂದೇ ಸಾಲು ಬೇಕು ನನಗೆ.

ಕೊಟ್ರಮ್ಮ


ಗಾಂಧಿನಗರ, ಬಳ್ಳಾರಿ
೧೪ ಅಕ್ಟೋಬರ್ ೧೯೮೫

ಪ್ರೀತಿಯ ಕೊಟ್ರಮ್ಮನವರೇ,

ಉತ್ತರ ತಡವಾಯಿತು, ಮನ್ನಿಸಿ. ಹೈದರಾಬಾದಿನ ತಯಾರಿಯಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ನಿಮ್ಮ ಕಾಲುವೆಯ ಪಟವನ್ನು ದೊಡ್ಡ ಹಾಳೆಯ ಮೇಲೆ ಬಣ್ಣದಲ್ಲಿ ಬರೆಸಿದ್ದೇವೆ. ನಿಮ್ಮ ಹೊಲ ಹಸಿರು, ಗಾದಿಲಿಂಗಪ್ಪನವರ ಹೊಲವೂ ಹಸಿರು. ನೋಡಿದವರೆಲ್ಲ ಎಷ್ಟು ಚೆಂದ ಎನ್ನುತ್ತಾರೆ. ಪೈರಿಗೆ ಅಂಥದ್ದೇನೂ ಆಗಿಲ್ಲ ಎಂದು ಬರೆದಿದ್ದೀರಿ, ಅದನ್ನು ಓದಿ ಸಮಾಧಾನವಾಯಿತು.

ವಿಭೂತಿಯ ವಿಷಯ ಸಾಹೇಬರಿಗೆ ಹೇಳಿದೆ. ಅವರು, ಜನ ತಾವು ಬದಲಾದದ್ದನ್ನು ತಾವೇ ಒಪ್ಪಿಕೊಳ್ಳುವುದಿಲ್ಲ, ಅದಕ್ಕೆ ದೇವರ ಹೆಸರು ಹೇಳುತ್ತಾರೆ ಎಂದರು. ನನಗೂ ಒಮ್ಮೊಮ್ಮೆ ಹಾಗನ್ನಿಸುತ್ತದೆ. ನಿಮ್ಮ ಮನಸ್ಸು ನಿಮಗೇ ಗೊತ್ತಿರುವುದಕ್ಕಿಂತ ದೊಡ್ಡದು.

ನಿಮ್ಮನ್ನು ಯಾರೂ ಕಟ್ಟಿಹಾಕಿಲ್ಲ, ಕೊಟ್ರಮ್ಮನವರೇ. ಕಷ್ಟವಾದರೆ ನೀರು ಬಿಡುವುದನ್ನು ನಿಲ್ಲಿಸಬಹುದು. ಎಷ್ಟಾದರೂ ಅದು ಬರೀ ಆಟ. ಎಲ್ಲ ನಿಮ್ಮ ಇಚ್ಛೆ. ಇಲ್ಲಿಂದ ನಾನು ಏನನ್ನೂ ಹೇಳಿ ನಿಮ್ಮ ಮನಸ್ಸನ್ನು ಆ ಕಡೆ ಈ ಕಡೆ ಎಳೆಯಬಾರದು. ಅದು ನಮ್ಮ ಕೆಲಸದ ನಿಯಮ.

ಜೀಪು ಇನ್ನೂ ಗ್ಯಾರೇಜಿನಲ್ಲೇ ಇದೆ. ದೀಪಾವಳಿ ಕಳೆದ ಮೇಲೆ ಖಂಡಿತ ಬರುತ್ತೇನೆ.

ನಿಮ್ಮ
ಪದ್ಮಾಬಾಯಿ


ಹಚ್ಚೊಳ್ಳಿ
೨೭ ಅಕ್ಟೋಬರ್ ೧೯೮೫

ಪದ್ಮಾಬಾಯಿಯವರಿಗೆ,

ನಿಮ್ಮ ಕಾಗದ ಬಂದ ದಿನ ಒಡೆಯದೆ, ಹಾಗೇ ಪಂಚರ ಕಟ್ಟೆಗೆ ಒಯ್ದೆ. ಸಾಲು ಅದರೊಳಗೆ ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಪೋಸ್ಟಿನ ಉಚ್ಚಂಗೆಪ್ಪ ಗಟ್ಟಿಯಾಗಿ ಓದಿದ. ಬಣ್ಣದ ಪಟ ಓದಿದ, ಹೈದರಾಬಾದು ಓದಿದ. ‘ಬರೀ ಆಟ’ ಬಂದಾಗ ವಿರೂಪಾಕ್ಷಪ್ಪ ತೊಡೆ ತಟ್ಟಿಕೊಂಡು ನಕ್ಕ. ಪಂಚರಲ್ಲಿ ಹಿರಿಯನಾದ ದುರುಗಣ್ಣ, “ಮುಗೀತು ಅಂತ ಎಲ್ಲೈತವ್ವ?” ಎಂದು ಕೇಳಿದ. ಉಚ್ಚಂಗೆಪ್ಪ ತಿರುಗಿಸಿ ತಿರುಗಿಸಿ ಹುಡುಕಿದ. ಇರಲಿಲ್ಲ. ಅಷ್ಟು ಜನರ ನಡುವೆ ನಾನು ಸೆರಗು ಕಚ್ಚಿಕೊಂಡು ನಿಂತಿದ್ದೆ.

ಬರೀ ಆಟವಾದರೆ ಗದ್ದುಗೆಯ ವಿಭೂತಿ ಯಾಕೆ ತರಿಸಿದಿರಿ? ಹುಣಸೆಬೀಜ ಹಿಡಿಸಿ ಮಾತು ಕೊಡಿಸಿದ್ದರೆ ನಾನೂ ಬರೀ ಆಟ ಎನ್ನುತ್ತಿದ್ದೆ. ನಿಜವಾಗಬೇಕು ಎಂದವರು ನೀವು, ನಿಜವಾದ ಮೇಲೆ ಆಟ ಎನ್ನುವವರೂ ನೀವು. ನನ್ನ ಇಚ್ಛೆ ಎಂದು ಬರೆದಿದ್ದೀರಿ. ನನ್ನ ಇಚ್ಛೆಯನ್ನು ಎರಡು ಸಲ ಬರೆದು ಕಳಿಸಿದ್ದೇನೆ, ಇನ್ನು ಹೇಗೆ ಬರೆಯಲಿ?

ಇನ್ನೊಂದು. ಕಳೆದ ವಾರ ಗಾದಿಲಿಂಗಪ್ಪ ಗೊಬ್ಬರಕ್ಕೆಂದು ಸಿರುಗುಪ್ಪಕ್ಕೆ ಹೋಗಿದ್ದ. ನಿಮ್ಮ ಜೀಪು ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿತ್ತಂತೆ. ನಿಮ್ಮ ಡ್ರೈವರು ಚಾ ಕುಡಿಯುತ್ತ, ಇವನನ್ನು ಗುರುತು ಹಿಡಿದು ಮಾತಾಡಿಸಿದನಂತೆ. ಜೀಪು ಚೆನ್ನಾಗಿಯೇ ಇತ್ತಂತೆ.

ಪೈರು ಹೊಡೆ ಬಿಚ್ಚುವ ಹೊತ್ತು ಇದು. ಈಗ ಕಾಲಡಿ ನೀರು ನಿಂತರೆ ತೆನೆ, ನಿಲ್ಲದಿದ್ದರೆ ಹುಲ್ಲು. ನಾಳೆ ನಮ್ಮ ಸರದಿ.

ಕೊಟ್ರಮ್ಮ


ಗಾಂಧಿನಗರ, ಬಳ್ಳಾರಿ
೮ ನವೆಂಬರ್ ೧೯೮೫

ಕೊಟ್ರಮ್ಮ,

ಜೀಪಿನ ಮಾತು ಸುಳ್ಳು. ನಿಮ್ಮ ಕಾಗದ ಓದಿದ ಮೇಲೆ ಅದನ್ನು ಸುಳ್ಳಲ್ಲ ಎನ್ನಲು ನನಗೆ ಮುಖವಿಲ್ಲ.

ಇರುವುದನ್ನು ಬರೆಯುತ್ತೇನೆ. ಸುಗ್ಗಿಯ ತನಕ ನೀರು ಬಿಟ್ಟರೆ ಮಾತ್ರ ಈ ಕೆಲಸಕ್ಕೆ ಬೆಲೆ ಎಂದು ಸಾಹೇಬರು ಹೇಳಿದ್ದಾರೆ. ನಡುವೆ ನಾವೇ ಆಟ ಮುಗಿಸಿದರೆ, ನೀವು ಇನ್ನು ಎಷ್ಟು ದಿನ ಬಿಡುತ್ತಿದ್ದಿರಿ ಎಂದು ತಿಳಿಯುವುದೇ ಇಲ್ಲ. ಅದಕ್ಕೇ ಆ ಸಾಲು ಬರೆಯಬೇಡ ಎಂದರು. ಬರೆದರೆ ನನ್ನ ಖಾಯಂ ಕೆಲಸದ ಕಾಗದ ಅವರ ಮೇಜಿನ ಮೇಲೇ ಉಳಿಯುತ್ತದೆ. ಅಪ್ಪನಿಗೆ ಪೆನ್ಶನ್ನಿಲ್ಲ, ತಮ್ಮ ಇನ್ನೂ ಓದುತ್ತಿದ್ದಾನೆ. ಹೈದರಾಬಾದಿನಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿಮ್ಮ ಹೆಸರು ಹೇಳಲಿಲ್ಲ, ‘ತಲೆ ಹೊಲದ ಒಬ್ಬ ವಿಧವೆ’ ಎಂದಷ್ಟೇ ಹೇಳಿದೆ.

ನಿಮ್ಮ ಪೈರು ಅಷ್ಟು ಕೆಟ್ಟಿರಲಾರದು ಎಂದು ನಂಬಿಕೊಂಡಿದ್ದೇನೆ. ಸ್ವಲ್ಪ ಕೆಂಪಾಗಿದೆ ಎಂದವರು ನೀವೇ. ಇನ್ನು ಕೆಲವು ವಾರ ತಡೆದುಕೊಳ್ಳಿ. ಆದೇಶ ಕೈಗೆ ಬಂದ ಗಳಿಗೆಯಲ್ಲಿ ಬರೆದು ಕಳಿಸುತ್ತೇನೆ, ನನ್ನಾಣೆ. ಬಯ್ಯುವುದಿದ್ದರೆ ಬಯ್ಯಿರಿ, ಆದರೆ ಬರೆಯಿರಿ.

ಪದ್ಮಾ


ಗಾಂಧಿನಗರ, ಬಳ್ಳಾರಿ
೨೫ ನವೆಂಬರ್ ೧೯೮೫

ಕೊಟ್ರಮ್ಮ,

ನಿಮ್ಮಿಂದ ಉತ್ತರವಿಲ್ಲ. ದಿನವೂ ಟಪಾಲಿನವನ ದಾರಿ ಕಾಯುತ್ತೇನೆ. ಅಮ್ಮ “ಯಾರ ಕಾಗದಕ್ಕ ಇಷ್ಟು ಚಡಪಡಸ್ತೀ?” ಎಂದು ಕೇಳುತ್ತಾರೆ. ಏನು ಹೇಳಲಿ?

ಇವತ್ತು ಬೆಳಿಗ್ಗೆ ನನ್ನ ಆದೇಶ ಬಂತು. ಎಲ್ಲರಿಗೂ ಪೇಡೆ ಹಂಚಿದರು. ನಾನು ಬಾಯಿಗೆ ಹಾಕಿಕೊಳ್ಳದೆ ಮೊದಲು ಇದನ್ನು ಬರೆಯಲು ಕುಳಿತೆ. ಇದರ ಜೊತೆ ಬೇರೆ ಹಾಳೆಯಲ್ಲಿ, ಕೇಂದ್ರದ ಮೊಹರು ಹಾಕಿ, ನೀವು ಕೇಳಿದ ಹಾಗೆಯೇ ಬರೆದಿದ್ದೇನೆ: ‘ಹಚ್ಚೊಳ್ಳಿಯ ನೀರಿನ ಆಟ ಇಂದಿಗೆ ಮುಗಿಯಿತು. ಅದರಲ್ಲಿ ಕೊಟ್ಟ ಮಾತೂ ಮುಗಿಯಿತು.’

ಇನ್ನು ನಿಮ್ಮ ನೀರು ನಿಮ್ಮದು. ಸುಗ್ಗಿಗೆ ಬರುತ್ತೇನೆ, ನಿಮ್ಮ ಕಣದಲ್ಲಿ ಕೂತು ಬಯ್ಯಿಸಿಕೊಳ್ಳುತ್ತೇನೆ.

ನಿಮ್ಮ
ಪದ್ಮಾ


ಕುರುಗೋಡು
೧೬ ಡಿಸೆಂಬರ್ ೧೯೮೫

ಪದ್ಮಾಬಾಯಿಯವರಿಗೆ ಕೊಟ್ರಮ್ಮ ಬರೆದದ್ದು.

ನಾನು ಈಗ ಕುರುಗೋಡಿನಲ್ಲಿ ಅಣ್ಣನ ಮನೆಯಲ್ಲಿದ್ದೇನೆ. ನಿಮ್ಮ ಕೊನೆಯ ಕಾಗದ ನನ್ನ ಕೈಗೆ ಬರಲಿಲ್ಲ. ಅದರಲ್ಲಿ ಏನಿತ್ತು ಎಂಬುದು ಮಾತ್ರ ಊರಿಗೆಲ್ಲ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಪೈರು ಸ್ವಲ್ಪ ಕೆಂಪಾಗಿದೆ ಎಂದು ಬರೆದೆನಲ್ಲ, ಆಗಲೇ ಅರ್ಧ ಹೊಲ ಸುಟ್ಟಂತಾಗಿತ್ತು. ನೀವು ಓದಿದವರು, ನನ್ನ ಹೊಲ ಹಾಳಾಯಿತು ಎಂದು ನಿಮ್ಮ ಮುಂದೆ ಕೈಚಾಚಲು ನನಗೆ ಮನಸ್ಸು ಬರಲಿಲ್ಲ. ಚೆನ್ನಾಗಿ ಮಾಡಿದಳು ಎನ್ನಿಸಿಕೊಳ್ಳಬೇಕಿತ್ತು. ಆ ಹೆಮ್ಮೆಯ ಪಾಲು ನನ್ನದು, ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ.

ದೀಪಾವಳಿ ಕಳೆದು ಪಂಚರು ಹೊಲಕ್ಕೆ ಬಂದರು. ದುರುಗಣ್ಣ ಒಂದೊಂದೇ ತೆನೆ ಹಿಚುಕಿ ನೋಡಿದ. ಎಲ್ಲ ಜೊಳ್ಳು. ಪಾಪ, ಅವನು ಬಹಳ ಹೊತ್ತು ಹುಡುಕಿದ, ಎಲ್ಲಾದರೂ ಒಂದು ಗಟ್ಟಿ ಕಾಳು ಸಿಕ್ಕೀತು ಎಂದು. “ಮಾತು ಉಳಿಸಿದಿ ತಂಗಿ, ಇಲ್ಲ ಅನ್ನಂಗಿಲ್ಲ. ಆದ್ರ ಬೆಳಿ ತಗಿಲಿಲ್ಲ” ಎಂದ. ಹೊಲ ವಿರೂಪಾಕ್ಷಪ್ಪನ ಕೈಗೆ ಹೋಯಿತು. ಅತ್ತೆ ಅತ್ತಳು. ನಾನು ಅಳಲಿಲ್ಲ. ಮಾತು ಹೊಲದ ಸಂಗಡ ಹೋಗುತ್ತದೆ, ಗಾದಿಲಿಂಗಪ್ಪನ ಪೈರು ತಡವಾದದ್ದು, ಅವನ ತೆನೆಗೆ ಹಾಲು ಗಟ್ಟಿಯಾಗುವ ತನಕ ಆ ಒಂದು ದಿನದ ನೀರು ಅವನಿಗೇ ಎಂದು ಪಂಚರಿಂದ ಹೇಳಿಸಿ, ಮೈದುನನಿಂದ ಹೂಂ ಎನ್ನಿಸಿ, ಆಮೇಲೆ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂತಾಗ ಎದೆ ಅಷ್ಟೊಂದು ಭಾರವಿರಲಿಲ್ಲ. ನನ್ನ ಹೊಲ ಹೋದರೂ, ನಾನು ಕೊಟ್ಟ ನೀರಿನಿಂದ ಒಬ್ಬನ ಮನೆಗೆ ನೆಲ್ಲು ಬರುತ್ತದೆ, ಅದು ನನ್ನ ಬೆಳೆ ಎಂದುಕೊಂಡಿದ್ದೆ.

ಅದಾಗಿ ನಾಲ್ಕೈದು ದಿನಕ್ಕೆ ನಿಮ್ಮ ಕಾಗದ ಬಂತಂತೆ. ನಾನಿಲ್ಲವಲ್ಲ, ಉಚ್ಚಂಗೆಪ್ಪ ಅದನ್ನು ಮನೆಯಲ್ಲಿ ಕೊಟ್ಟ. ಮೈದುನ ಒಡೆದು, ಮೊಹರು ನೋಡಿ, ಕಾಗದವನ್ನೂ ಆ ಹಾಳೆಯನ್ನೂ ಕಟ್ಟೆಗೆ ಒಯ್ದು ತಾನೇ ಓದಿಸಿದ. ಆಟ ಮುಗಿಯಿತು, ಮಾತೂ ಮುಗಿಯಿತು. ಪಂಚರು ಏನು ಹೇಳಬೇಕು? ನಾನೇ ಹಿಂದೆ ಅವರನ್ನು ಕಾಡಿ ಬೇಡಿ, ಇಂಥ ಸಾಲು ಬಂದರೆ ಒಪ್ಪುತ್ತೇವೆ ಎನ್ನಿಸಿಕೊಂಡು ಬಂದಿದ್ದೆ. ಒಪ್ಪಿದರು. ಅದೇ ದಿನ ಅವನು ತೂಬು ಮುಚ್ಚಿದ.

ಗಾದಿಲಿಂಗಪ್ಪ ನಿನ್ನೆ ಇಲ್ಲಿಗೆ ಬಂದಿದ್ದ. ಒಳಗೆ ಬಾ ಎಂದರೂ ಬರಲಿಲ್ಲ, ಬಾಗಿಲಲ್ಲೇ ನಿಂತ. ಅವನ ತೆನೆಯೂ ನನ್ನ ತೆನೆಯಂತೆಯೇ ಆಗಿದೆ. ಇನ್ನೆರಡು ಸರದಿ ನೀರು ಸಿಕ್ಕಿದ್ದರೆ ಸಾಕಿತ್ತು, ಕಾಲುವೆಯಲ್ಲಿ ನೀರೂ ಇತ್ತು. “ಜ್ವಾಳ ಬಿತ್ತಿದ್ರ ಹೊಟ್ಟಿಗಾದ್ರೂ ಆಗ್ತಿತ್ತು ತಾಯಿ. ಹಂಗಂತ ನಿಮ್ಮನ್ನ ಅನ್ನಾಕ ಬಂದಿಲ್ಲ. ನೀವು ನಿಮ್ಮ ಮಾತು ಉಳಿಸಿದ್ರಿ, ಅಷ್ಟು ಹೇಳಿ ಹೋಗಾಕ ಬಂದೆ” ಎಂದ. ನೀರು ಕುಡಿದು ಹೋಗು ಎಂದೆ. ಕುಡಿದು ಹೋದ. ಅವನು ಹೋದ ಮೇಲೆ, ಪಂಚರ ಮುಂದೆ ಅಳದವಳು, ಅಣ್ಣನ ಮನೆಯ ಹಿತ್ತಲಲ್ಲಿ ಕೂತು ಬಾಯಿ ಬಿಟ್ಟು ಅತ್ತೆ.

ಅಕ್ಟೋಬರಿನಲ್ಲಿ ಆ ಸಾಲು ಬಂದಿದ್ದರೆ ಉಳಿದರ್ಧ ಪೈರಾದರೂ ತೆನೆಗಟ್ಟಿ ನನ್ನ ಹೊಲ ಉಳಿಯುತ್ತಿತ್ತು. ಆಗ ಗಾದಿಲಿಂಗಪ್ಪನ ಬೆಳೆ ಹೋಗುತ್ತಿತ್ತು, ನಾನು ಅವನ ಮನೆಗೆ ವರ್ಷದ ಕಾಳು ಅಳೆದು ಹಾಕುತ್ತಿದ್ದೆ, ಹಾಗೆಂದು ಲೆಕ್ಕ ಹಾಕಿಯೇ ಕೇಳಿದ್ದೆ. ಅದು ಬರದೇ ಹೋಗಿದ್ದರೆ ಅವನ ಬೆಳೆಯಾದರೂ ಉಳಿಯುತ್ತಿತ್ತು. ನೀವು ಎರಡೂ ಹೋಗುವ ದಿನ ನೋಡಿ ಕಳಿಸಿದಿರಿ. ಬೇಕೆಂದು ಮಾಡಿಲ್ಲ, ಗೊತ್ತು. ನಿಮಗೆ ಆದೇಶ ಆ ದಿನ ಬಂತು, ಅಷ್ಟೇ.

ಸಿರುಗುಪ್ಪದ ಕಡೆ ಬೇಸಿಗೆಯಲ್ಲಿ ಇನ್ನೂ ಹತ್ತು ಊರಿನಲ್ಲಿ ಈ ಆಟ ಆಡಿಸುತ್ತಾರೆ, ನೀವೇ ಅದಕ್ಕೆ ಮುಖ್ಯಸ್ಥರು ಎಂದು ಮೊನ್ನೆ ಮತ್ತೆ ಸಿಕ್ಕಾಗ ನಿಮ್ಮ ಡ್ರೈವರು ಗಾದಿಲಿಂಗಪ್ಪನಿಗೆ ಹೇಳಿದನಂತೆ. ಆಡಿಸಿರಿ. ಆಟ ಕೆಟ್ಟದ್ದಲ್ಲ. ಕೊನೆಯ ಮಡಿಯಲ್ಲಿ ಕೂತಾಗ ನನಗೆ ನಿಜವಾಗಿಯೂ ಅಳು ಬಂದಿತ್ತು. ಆದರೆ ಏಳುವ ಮುಂಚೆ, ಮಳೆ ಬರಲಿ ಹಳ್ಳ ಬರಲಿ, ಕೂತವರ ಮುಂದೆ ಮುಗಿಯಿತು ಎಂದು ಬಾಯಿಂದ ಹೇಳಿ ಏಳಿರಿ. ಮನೆಗೆ ಹೋಗಿ ಬರೆಯುತ್ತೇನೆ ಎನ್ನಬೇಡಿರಿ.

ಸುಗ್ಗಿಗೆ ನನ್ನ ಕಣಕ್ಕೆ ಬರುತ್ತೇನೆ ಎಂದು ಬರೆದಿದ್ದೀರಂತೆ. ಈಗ ಅದು ನನ್ನದಲ್ಲ. ಈ ವರ್ಷ ಅಲ್ಲಿ ಒಕ್ಕಲಿಕ್ಕೆ ಏನೂ ಇಲ್ಲ. ಬರಬೇಡಿರಿ.

ಕೊಟ್ರಮ್ಮ